ಅಮ್ಮನ ಕನಸು

ನಮ್ಮ ಮನೆಯಲ್ಲಿ ಅಮ್ಮನ ಮಾತಿಗೆ ಬೆಲೆ ಇರಲಿಲ್ಲ. ಅಮ್ಮನ ಕನಸಿಗೆ ಇತ್ತು. ಬೆಳಿಗ್ಗೆ ಒಲೆ ಮುಂದೆ ಕೂತವಳು ಊದುಗೊಳವೆ ಕೆಳಗಿಟ್ಟು “ರಾತ್ರಿ ಒಂದು ಕನಸು ಬಿತ್ತು” ಎಂದಳೆಂದರೆ, ಅವಳ ಬೇರೆ ಯಾವ ಮಾತಿಗೂ ತಲೆಯೆತ್ತದ ಅಪ್ಪ ಕಾಫಿ ಲೋಟ ಪಕ್ಕಕ್ಕಿಟ್ಟು ಕೇಳುತ್ತಿದ್ದರು. ಮಳವಳ್ಳಿಯಲ್ಲಿ ಆಗ ಕ್ರೈಸ್ತರ ಮನೆಗಳು ಬೆರಳೆಣಿಕೆಯಷ್ಟು. ನೆರೆಯ ಗೌಡರ ಮನೆಯವರಿಗೆ ಮನೆದೇವರು ಕನಸಿನಲ್ಲಿ ಬಂದು ಹರಕೆ ನೆನಪಿಸುತ್ತಿದ್ದರು. ನಮ್ಮಮ್ಮನಿಗೆ ಸಂತ ಅಂತೋಣಿಯವರು ಬರುತ್ತಿದ್ದರು. ಹೆಸರು ಬೇರೆಯಾದರೂ ಬೀದಿಯ ಹೆಂಗಸರಿಗೆಲ್ಲ ಪರಸ್ಪರರ ಕನಸುಗಳು ಚೆನ್ನಾಗಿ ಅರ್ಥವಾಗುತ್ತಿದ್ದವು.

1985ರಲ್ಲಿ ನಾನು ಎಸ್ಸೆಸ್ಸೆಲ್ಸಿ ಪಾಸಾದೆ. ಅಪ್ಪ ರೇಷ್ಮೆಗೂಡಿನ ವ್ಯಾಪಾರದಲ್ಲಿ ಕೈಸುಟ್ಟುಕೊಂಡಿದ್ದ ವರ್ಷ ಅದು. ದೂರದ ನೆಂಟರ ಕಡೆಯ ಹುಡುಗನೊಬ್ಬನಿಗೆ ಬೆಂಗಳೂರಿನಲ್ಲಿ ಕೆಲಸವಿತ್ತು. ಮಾತುಕತೆ ಮುಗಿದು, ಊಟದ ಲೆಕ್ಕದವರೆಗೂ ಬಂದಿತ್ತು. “ಇನ್ನೆರಡು ವರ್ಷ ಓದಲಿ” ಎಂದ ಅಮ್ಮನಿಗೆ “ನಿಂಗೇನು ಗೊತ್ತಾಗ್ತದೆ, ಸುಮ್ಕಿರು” ಎಂಬ ಉತ್ತರ ಸಿಕ್ಕಿತು. ಮೂರನೆಯ ದಿನ ಬೆಳಿಗ್ಗೆ ಊದುಗೊಳವೆ ಕೆಳಗಿಳಿಯಿತು.

“ರಾತ್ರಿ ಅಂತೋಣಿಯಪ್ಪ ಬಂದಿದ್ರು. ಬಾಲಯೇಸೂನ ಒಂದು ಕೈಲಿ ಎತ್ಕೊಂಡು, ಇನ್ನೊಂದು ಕೈಲಿದ್ದ ಪುಸ್ತಕ ನನ್ನ ಮಡಿಲಿಗೆ ಹಾಕಿದ್ರು. ‘ಇದು ನಿನ್ನ ಮಗಳದು, ಕೊಟ್ಬುಡು’ ಅಂದ್ರು.”

ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆ ವಾರವೇ ನೆಂಟರಿಗೆ ಕಾಗದ ಹೋಯಿತು. ಅಮ್ಮ ತನ್ನ ಓಲೆ ಗಿರವಿ ಇಟ್ಟು ನನ್ನನ್ನು ಪಿಯುಸಿಗೆ ಸೇರಿಸಿದಳು. ಆ ಓಲೆ ಮತ್ತೆ ಅವಳ ಕಿವಿಗೆ ಬರಲೇ ಇಲ್ಲ. ಮುಂದೆ ಬಿ.ಎ., ಬಿ.ಎಡ್. ಆಗಿ ನಾನು ಮಂಡ್ಯದಲ್ಲಿ ಇತಿಹಾಸದ ಮೇಷ್ಟ್ರಮ್ಮ ಆದೆ.

ಕನಸಿನ ಮೇಲೆ ಅಪ್ಪನಿಗಿದ್ದ ಭಯಭಕ್ತಿಗೆ ಕಾರಣ ದೋರನಹಳ್ಳಿ. ಕೃಷ್ಣರಾಜನಗರ ತಾಲ್ಲೂಕಿನ ಈ ಊರಿಗೆ ನಮ್ಮ ಕಡೆಯವರು ಪ್ರತಿ ಜೂನ್ 13ರ ಹಬ್ಬಕ್ಕೆ ಹೋಗುತ್ತಾರೆ. ಅಲ್ಲಿಯ ಕಥೆ ನಿಮ್ಮಲ್ಲಿ ಅನೇಕರಿಗೆ ಗೊತ್ತಿದ್ದೀತು. ಹೊಲ ಉಳುತ್ತಿದ್ದ ರೈತನೊಬ್ಬನ ನೇಗಿಲಿಗೆ ಮರದ ಗೊಂಬೆಯೊಂದು ಸಿಕ್ಕಿತಂತೆ. ಅವನು ಅದನ್ನು ಮಕ್ಕಳಿಗೆ ಆಡಲು ಕೊಟ್ಟ. ರಾತ್ರಿ ಕನಸಿನಲ್ಲಿ ಸನ್ಯಾಸಿಯಂತಹ ಒಬ್ಬರು ಬಂದು, ನನ್ನನ್ನು ಹೀಗೆ ಆಟಿಕೆ ಮಾಡಬೇಡ, ಗೌರವದಿಂದ ಕಾಣು ಎಂದರಂತೆ. ಅವನು ಕ್ರೈಸ್ತನಲ್ಲ, ಬಂದವರು ಯಾರೆಂದು ಅವನಿಗೆ ತಿಳಿಯದು. ಆದರೂ ಚಿಕ್ಕದೊಂದು ಗುಡಿ ಕಟ್ಟಿದ. ಅದು ಪಾದುವದ ಸಂತ ಅಂತೋಣಿಯವರ ಪ್ರತಿಮೆಯೆಂದು ಆಮೇಲೆ ಗೊತ್ತಾಯಿತಂತೆ. ಅದೇ ಸ್ಥಳದ ಚರ್ಚಿಗೆ 2019ರಲ್ಲಿ ಬಸಿಲಿಕದ ಪದವಿ ಬಂದಿದೆ. ಎಲ್ಲ ಜಾತಿಯವರೂ ಅಲ್ಲಿ ಮೇಣದಬತ್ತಿ ಹಚ್ಚುತ್ತಾರೆ.

ಕ್ರೈಸ್ತರ ಹಳೆಯ ನೆನಪುಗಳಲ್ಲಿಯೂ ಕನಸಿನ ದಾರಿ ಹೊಸದಲ್ಲ. ಮತ್ತಾಯನ ಶುಭಸಂದೇಶದಲ್ಲಿ ಮರಿಯಮ್ಮನವರ ಪತಿ ಜೋಸೆಫರಿಗೆ ನಾಲ್ಕು ಸಲ ಕನಸಿನಲ್ಲಿ ಅಪ್ಪಣೆಯಾಗುತ್ತದೆ. ಗರ್ಭಿಣಿಯಾದ ಮರಿಯಳನ್ನು ಕೈಬಿಡಬೇಡ ಎಂದು ಮೊದಲ ಸಲ, ಮಗು ಬಾಣಂತಿಯರನ್ನು ಕರೆದುಕೊಂಡು ಈಜಿಪ್ಟಿಗೆ ಓಡು ಎಂದು ಎರಡನೆಯ ಸಲ. ಅವರು ಎದ್ದು ಹೊರಡುತ್ತಾರೆ, ಅಷ್ಟೆ. ಇಡೀ ಶುಭಸಂದೇಶದಲ್ಲಿ ಅವರ ಬಾಯಿಂದ ಒಂದು ಮಾತೂ ಬರುವುದಿಲ್ಲ. ಅದೇ ಪುಸ್ತಕದ ಕೊನೆಯಲ್ಲಿ ಪಿಲಾತನ ಹೆಂಡತಿ ಬರುತ್ತಾಳೆ. ಗಂಡ ನ್ಯಾಯಪೀಠದಲ್ಲಿ ಕೂತಿರುವಾಗಲೇ, ಕನಸಿನಲ್ಲಿ ಬಹಳ ಸಂಕಟಪಟ್ಟೆ, ಆ ನೀತಿವಂತನ ಗೋಜಿಗೆ ಹೋಗಬೇಡಿ ಎಂದು ಹೇಳಿಕಳಿಸುತ್ತಾಳೆ. ಅವನು ಕೇಳಲಿಲ್ಲ. ಅಲ್ಲಿ ಅವಳ ಹೆಸರನ್ನು ಕೂಡ ಬರೆದಿಲ್ಲ.

ಹೆಸರು ಉಳಿಸಿಕೊಂಡವಳು ಪೆರ್ಪೆತುವಾ. ಕ್ರಿ.ಶ. 203ರಲ್ಲಿ, ಈಗಿನ ಟ್ಯುನೀಷಿಯಾದ ಕಾರ್ಥೇಜ್ ನಗರದಲ್ಲಿ, ಕ್ರೈಸ್ತಳೆಂಬ ಕಾರಣಕ್ಕೆ ಸೆರೆಮನೆ ಸೇರಿದ ಇಪ್ಪತ್ತೆರಡರ ಪ್ರಾಯದ ಹೆಣ್ಣು. ತೊಡೆಯ ಮೇಲೆ ಹಾಲು ಕುಡಿಯುವ ಕೂಸು. ನಮಗೆ ಬಿಡುಗಡೆಯೋ ಮರಣವೋ ದೇವರನ್ನು ಕೇಳು ಎಂದ ಅವಳ ಅಣ್ಣ. ಆ ರಾತ್ರಿ ಅವಳು ಆಕಾಶಕ್ಕೆ ಚಾಚಿದ ಕಿರಿದಾದ ಏಣಿ ಕಂಡಳು. ಅದರ ಎರಡು ಪಕ್ಕಕ್ಕೂ ಕತ್ತಿ ಈಟಿಗಳು. ಬಿಡುಗಡೆ ಇಲ್ಲವೆಂದು ತಿಳಿದು ಹಾಗೆಯೇ ಅಣ್ಣನಿಗೆ ಹೇಳಿದಳು. ಇದನ್ನೆಲ್ಲ ತನ್ನ ಮಾತಿನಲ್ಲೇ ದಾಖಲಿಸಿಟ್ಟಳು. ಕ್ರೈಸ್ತ ಹೆಂಗಸೊಬ್ಬಳ ಬರಹಗಳಲ್ಲಿ ನಮಗೆ ಉಳಿದಿರುವ ತೀರ ಹಳೆಯದರಲ್ಲಿ ಅದೂ ಒಂದು.

ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮ ಜಿಲ್ಲೆಯಲ್ಲೇ ಕನಸಿನ ಪುಸ್ತಕವೊಂದಿತ್ತು. ಮಳವಳ್ಳಿಯ ಹತ್ತಿರ 1799ರ ಮಾರ್ಚ್ 27ರಂದು ಸೋತ ಟಿಪ್ಪು ಸುಲ್ತಾನ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಸತ್ತ. ಅವನ ಮಲಗುವ ಮನೆಯಲ್ಲಿ ಕರ್ನಲ್ ಕರ್ಕ್‌ಪ್ಯಾಟ್ರಿಕ್‌ಗೆ ಒಂದು ಪುಸ್ತಕ ಸಿಕ್ಕಿತು. ಅದರಲ್ಲಿ ಟಿಪ್ಪು ತನ್ನ ಕೈಯಾರೆ ಪಾರಸಿಯಲ್ಲಿ ಬರೆದಿಟ್ಟ 37 ಕನಸುಗಳಿದ್ದವು. ಅದು ಈಗ ಲಂಡನ್ನಿನಲ್ಲಿದೆ. ಗಿರೀಶ ಕಾರ್ನಾಡರು ಅದರಿಂದ ನಾಟಕವನ್ನೇ ಬರೆದರು. ಬೆಳ್ಳಿಯ ಮೂರು ತಟ್ಟೆಗಳಲ್ಲಿ ಹಸಿ ಖರ್ಜೂರ ಕಂಡರೆ, ಮೂವರು ಶತ್ರುಗಳ ರಾಜ್ಯ ನನ್ನದಾಗುತ್ತದೆ ಎಂದು ಅವನು ಅರ್ಥ ಹಚ್ಚಿಕೊಂಡ. ಗಂಡುಡುಗೆ ತೊಟ್ಟ ಹೆಣ್ಣು ಕಂಡರೆ, ಮರಾಠರು ಯುದ್ಧದಲ್ಲಿ ಹೆಂಗಸರಾಗುತ್ತಾರೆ ಎಂದುಕೊಂಡ. ಆಸೆ ಮೊದಲಿತ್ತು, ಕನಸು ಅದಕ್ಕೆ ರುಜು ಹಾಕಿತು. ಆದರೂ ಅವನ ಪರವಾಗಿ ಒಂದು ಮಾತು ಹೇಳಬೇಕು: ಆ ಪುಸ್ತಕ ಯಾರ ಕಣ್ಣಿಗೂ ಬೀಳದಂತೆ ನೋಡಿಕೊಳ್ಳುತ್ತಿದ್ದನಂತೆ. 1784ರಲ್ಲಿ ಕರಾವಳಿಯಿಂದ ಅವನು ಹಿಡಿದು ತರಿಸಿದ ಸಾವಿರಾರು ಕ್ರೈಸ್ತರೂ ಆ ಪಟ್ಟಣದಲ್ಲಿ ಮಲಗಿ ಏಳುತ್ತಿದ್ದರು. ಅವರ ಕನಸುಗಳನ್ನು ಬರೆದಿಡುವವರು ಇರಲಿಲ್ಲ.

ಈ ಪಾಠ ಮಾಡುವಾಗ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು, “ಮಿಸ್, ದೇವರು ನಿಜವಾಗ್ಲೂ ಕನಸಲ್ಲಿ ಮಾತಾಡ್ತಾರಾ?” ಎಂದಳು. ಗಂಟೆ ಹೊಡೆಯಿತು, ನಾನು ಬಚಾವಾದೆ. ಆದರೆ ಮನಸ್ಸು ಮದ್ದೂರಿಗೆ ಹೋಗಿತ್ತು.

ಮದ್ದೂರಿನಲ್ಲಿ ನನ್ನ ದೊಡ್ಡಮ್ಮನ ಮಗಳು ಇದ್ದಳು. ಅಕ್ಕನಿಗೆ ಸಕ್ಕರೆ ಕಾಯಿಲೆ, ದಿನಕ್ಕೆ ಎರಡು ಸಲ ಇನ್ಸುಲಿನ್. 2009ರಲ್ಲಿ ಅವಳು ಹೋಗುತ್ತಿದ್ದ ಪ್ರಾರ್ಥನಾ ಕೂಟದಲ್ಲಿ ಒಬ್ಬರು, ಬಿಳಿ ಬಟ್ಟೆಯವರು ಬಂದು ನಿನ್ನ ಕೈಯ ಸೂಜಿ ಕಿತ್ತೊಗೆದದ್ದನ್ನು ಕನಸಿನಲ್ಲಿ ಕಂಡೆ, ಇನ್ನು ಔಷಧಿ ತಗೊಂಡರೆ ಅವಿಶ್ವಾಸ ಎಂದರು. ನಾನು ನೋಡಲು ಹೋದಾಗ ಇನ್ಸುಲಿನ್ ಬಾಟಲು ಫ್ರಿಜ್ಜಿನಲ್ಲಿ ಹಾಗೆಯೇ ಕೂತಿತ್ತು. “ಅಕ್ಕ, ಡಾಕ್ಟರನ್ನ ಒಂದು ಮಾತು ಕೇಳು” ಎಂದೆ. ಅವಳು ನಕ್ಕು, “ನಿನ್ನ ಓದು ಎಲ್ಲಿಂದ ಬಂತು ಹೇಳು? ಚಿಕ್ಕಮ್ಮನ ಕನಸಿಂದ ತಾನೆ?” ಎಂದಳು.

ನನಗೆ ಬಾಯಿ ಬರಲಿಲ್ಲ. ಕನಸೆಲ್ಲ ಸುಳ್ಳು ಎಂದರೆ ಅಮ್ಮನನ್ನು ಸುಳ್ಳಿಯೆಂದ ಹಾಗೆ. ಕನಸೆಲ್ಲ ನಿಜ ಎಂದರೆ ಅಕ್ಕನ ಗತಿ? ಚಹ ಕುಡಿದು, ಸ್ಟೇಷನ್ನಿನಲ್ಲಿ ಮಕ್ಕಳಿಗೆ ವಡೆ ಕಟ್ಟಿಸಿಕೊಂಡು ಮಂಡ್ಯದ ರೈಲು ಹತ್ತಿದೆ. ಕೆಲವು ತಿಂಗಳಲ್ಲಿ ಅಕ್ಕನ ಕಾಲಿನ ಗಾಯ ಕೊಳೆತು, ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಮರುವರ್ಷ ಅವಳು ತೀರಿಕೊಂಡಳು. ಆ ದಿನ ಇನ್ನೊಂದು ಗಂಟೆ ಕೂತು ಜಗಳವಾಡಬೇಕಿತ್ತು. ಇತಿಹಾಸ ಓದಿದವಳಿಗೆ ಹೇಳಲು ಮಾತಿಲ್ಲದೇ ಇರಲಿಲ್ಲ.

ಏನು ಹೇಳಬಹುದಿತ್ತು? ಸಂತ ಮೋನಿಕಾರ ಕಥೆ ಹೇಳಬಹುದಿತ್ತು. ದಾರಿ ತಪ್ಪಿದ ಮಗ ಅಗಸ್ಟೀನನಿಗಾಗಿ ಅಳುತ್ತಿದ್ದ ಆ ತಾಯಿಗೆ, ಮಗ ತನ್ನ ಪಕ್ಕದಲ್ಲೇ ನಿಂತಂತೆ ಕನಸಾಯಿತು. ಅದನ್ನು ನಂಬಿ ವರ್ಷಗಟ್ಟಲೆ ಕಾದಳು. 387ರಲ್ಲಿ ಅವನಿಗೆ ದೀಕ್ಷಾಸ್ನಾನವಾಯಿತು. ಅದಕ್ಕೆ ಮುಂಚೆ ಅವನ ಮದುವೆಯ ಮಾತು ನಡೆದಿದ್ದಾಗ, ದೇವರನ್ನು ಕೇಳಮ್ಮ, ಕನಸಿನಲ್ಲಿ ತಿಳಿಸಲಿ ಎಂದಿದ್ದ ಮಗ. ಆ ಮದುವೆ ಅವಳಿಗೂ ಬೇಕಾಗಿತ್ತು. ಏನೇನೋ ಕಂಡಳು. ಆದರೂ ಇವು ದೇವರವಲ್ಲ, ನನ್ನ ಮನಸ್ಸಿನವು ಎಂದು ಮಗನಿಗೆ ಹೇಳಿಬಿಟ್ಟಳು. ಎರಡಕ್ಕೂ ರುಚಿ ಬೇರೆ, ಮಾತಿನಲ್ಲಿ ಹೇಳಲಾರೆ ಎನ್ನುತ್ತಿದ್ದಳು ಎಂದು ಆ ಮಗನೇ ಬರೆದಿದ್ದಾನೆ. ಕನಸು ಕಾಣುವುದಕ್ಕಿಂತ, ಇದು ದೇವರದ್ದಲ್ಲ ಎಂದು ಹೇಳುವುದಕ್ಕೆ ಹೆಚ್ಚು ಭಕ್ತಿ ಬೇಕು.

ಶ್ರೀರಂಗಪಟ್ಟಣದ ಅಬ್ಬೆ ದ್ಯುಬುವಾ ಅವರ ಕಥೆಯನ್ನೂ ಹೇಳಬಹುದಿತ್ತು. ಟಿಪ್ಪು ಸತ್ತ ಮೇಲೆ ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಬಂದ ಈ ಫ್ರೆಂಚ್ ಪಾದ್ರಿಯನ್ನು ನಮ್ಮ ಜನ ದೊಡ್ಡಸ್ವಾಮಿಯವರು ಎನ್ನುತ್ತಿದ್ದರು. ಪೂಜೆ ಮಾಡುತ್ತಿದ್ದ ಅವರೇ ಸಿಡುಬಿನ ವಿರುದ್ಧ ಸಾವಿರಾರು ಜನರಿಗೆ ದೇವಿ ಹಾಕಿಸಲು ಓಡಾಡಿದರು. ಪ್ರಾರ್ಥನೆಗೂ ಸೂಜಿಗೂ ಜಗಳವಿಲ್ಲವೆಂದು ನಮ್ಮ ಸೀಮೆಯಲ್ಲಿ ಇನ್ನೂರು ವರ್ಷದ ಹಿಂದೆಯೇ ತೋರಿಸಿದವರಿದ್ದರು.

ಮರುದಿನ ಆ ಹುಡುಗಿಯನ್ನು ಕರೆದು ನನಗೆ ತಿಳಿದಷ್ಟು ಹೇಳಿದೆ. ಮಾತಾಡುತ್ತಾರೋ ಇಲ್ಲವೋ ದೇವರಿಗೇ ಗೊತ್ತು ಮಗಳೇ. ಆದರೆ ಕನಸು ಯಾರ ಕೈಯಿಂದ ಏನು ಕೇಳುತ್ತದೆ ನೋಡು. ಜೋಸೆಫರ ಕನಸು ಜೋಸೆಫರನ್ನೇ ಮಧ್ಯರಾತ್ರಿ ಎಬ್ಬಿಸಿತು. ದೋರನಹಳ್ಳಿಯ ರೈತನ ಕನಸು ಅವನಿಂದಲೇ ಗುಡಿ ಕಟ್ಟಿಸಿತು. ಒಬ್ಬರು ಕಂಡ ಕನಸಿಗೆ ಇನ್ನೊಬ್ಬರು ಕಾಲು ಕೊಡಬೇಕಾಗಿ ಬಂದರೆ ಎದ್ದು ನಿಂತು ಪ್ರಶ್ನೆ ಕೇಳು, ಈಗ ಕೇಳಿದೆಯಲ್ಲ ಹಾಗೆ.

ಅಮ್ಮ ತೀರಿಕೊಳ್ಳುವ ಮುಂಚಿನ ವರ್ಷ, ತಲೆ ಬಾಚುತ್ತಾ, ಬೋಳು ಕಿವಿ ಕಂಡು ಕೇಳಿಯೇಬಿಟ್ಟೆ: “ಅಂತೋಣಿಯಪ್ಪ ಪುಸ್ತಕ ಕೊಟ್ಟ ಕನಸು ನಿಜವಾಗ್ಲೂ ಬಿದ್ದಿತ್ತೇನಮ್ಮ?”

ಅಮ್ಮ ಜಪಸರದ ಮಣಿಗಳನ್ನು ಬೆರಳಲ್ಲಿ ಎಣಿಸುತ್ತಿದ್ದಳು. ಒಂದು ಹತ್ತು ಮುಗಿಯುವವರೆಗೂ ಬಾಯಿ ಬಿಡಲಿಲ್ಲ.

“ಆ ರಾತ್ರಿ ನಾನು ನಿದ್ದೇನೇ ಮಾಡ್ಲಿಲ್ಲ ಕಣವ್ವ,” ಎಂದಳು.