ಮೆಗಾಪಿಕ್ಸೆಲ್ ಜಾಸ್ತಿ ಇದ್ದರೆ ಎಐ ಚೆನ್ನಾಗಿ ಗುರುತಿಸುತ್ತದೆಯೇ? ತೆಂಗಿನ ತೋಟಕ್ಕೆ ಅಗ್ಗದ ಕ್ಯಾಮೆರಾ ಕೊಳ್ಳುವ ಮುನ್ನ ಓದಿ

ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಎಷ್ಟೋ ಮನೆಗಳ ವರ್ಷದ ಖರ್ಚು ತೆಂಗಿನ ಮೇಲೇ ನಿಂತಿದೆ. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ನಿಗದಿ ಮಾಡಿದ ಬೆಂಬಲ ಬೆಲೆಯೇ ಕ್ವಿಂಟಲ್‌ಗೆ 12,100 ರೂಪಾಯಿ. ಹೀಗಿರುವಾಗ ಮರದಲ್ಲಿರುವ ಕಾಯಿ ಎಣಿಸುವ, ಕೊಬ್ಬರಿ ವಿಂಗಡಿಸುವ, ಹುಳುಬಾಧೆ ಪತ್ತೆ ಮಾಡುವ ಕ್ಯಾಮೆರಾ ಇದೆ ಎಂದರೆ ಯಾರಿಗಾದರೂ ಆಸೆಯಾಗುತ್ತದೆ. ಎಂಜಿನಿಯರಿಂಗ್ ಓದುವ ಮಕ್ಕಳು ಪ್ರಾಜೆಕ್ಟ್‌ಗೆಂದು, ತೋಟ ನೋಡಿಕೊಳ್ಳುವ ಯುವಕರು ಹವ್ಯಾಸಕ್ಕೆಂದು ಇಂಥದ್ದಕ್ಕೆ ಕೈ ಹಾಕುತ್ತಾರೆ. ಆಗ ಮೊದಲು ಕಿವಿಗೆ ಬೀಳುವ ಸಲಹೆ ಒಂದೇ: ‘ಮೆಗಾಪಿಕ್ಸೆಲ್ ಜಾಸ್ತಿ ಇರೋದು ತಗೋ.’

ಈ ಸಲಹೆ ಎಷ್ಟು ಸರಿ?

ಚಿಕ್ಕ ಉತ್ತರ: ಬಹುಪಾಲು ತಪ್ಪು. ಕ್ಯಾಮೆರಾದ ಒಟ್ಟು ಮೆಗಾಪಿಕ್ಸೆಲ್‌ಗಿಂತ, ನೀವು ಗುರುತಿಸಬೇಕಾದ ವಸ್ತುವಿನ ಮೇಲೆ ಎಷ್ಟು ಪಿಕ್ಸೆಲ್ ಬೀಳುತ್ತವೆ ಎಂಬುದು ಮುಖ್ಯ. ಅದನ್ನು ನಿರ್ಧರಿಸುವುದು ದೂರ ಮತ್ತು ಲೆನ್ಸ್. ಆಮೇಲೆ ಬೆಳಕು, ಫೋಕಸ್.

ಎಐ ನಿಜವಾಗಿ ನೋಡುವುದು ಎಷ್ಟು?

ಫೋಟೊದಲ್ಲಿರುವ ವಸ್ತುಗಳನ್ನು ಪತ್ತೆ ಮಾಡಲು ಹವ್ಯಾಸಿಗಳು ಹೆಚ್ಚಾಗಿ ಬಳಸುವುದು ‘ಯೋಲೋ’ ಎಂಬ ಉಚಿತ ಎಐ ಮಾದರಿಗಳನ್ನು. ಬೇರೆ ಸೂಚನೆ ಕೊಡದಿದ್ದರೆ ಇವುಗಳಲ್ಲಿ ಹೆಚ್ಚಿನವು ನಿಮ್ಮ ಫೋಟೊವನ್ನು 640×640 ಪಿಕ್ಸೆಲ್‌ಗೆ ಕುಗ್ಗಿಸಿ ನೋಡುತ್ತವೆ. ಅಂದರೆ ಅರ್ಧ ಮೆಗಾಪಿಕ್ಸೆಲ್‌ಗೂ ಕಡಿಮೆ! ನೀವು 2 ಮೆಗಾಪಿಕ್ಸೆಲ್ ಫೋಟೊ ಕೊಟ್ಟರೂ 48 ಮೆಗಾಪಿಕ್ಸೆಲ್ ಫೋಟೊ ಕೊಟ್ಟರೂ ಮಾದರಿಯ ಮುಂದೆ ಬರುವುದು ಅಷ್ಟೇ ಗಾತ್ರದ ಚಿತ್ರ.

ದೊಡ್ಡ ಫೋಟೊವನ್ನು ತುಂಡು ತುಂಡು ಮಾಡಿ ಒಂದೊಂದಾಗಿ ಮಾದರಿಗೆ ಕೊಡುವ ದಾರಿಯೂ ಇದೆ. ಆಗ ಹೆಚ್ಚಿನ ಮೆಗಾಪಿಕ್ಸೆಲ್ ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ. ಆದರೆ ಹತ್ತು ತುಂಡಾದರೆ ಹತ್ತು ಪಟ್ಟು ಲೆಕ್ಕಾಚಾರ. ಅಗ್ಗದ ಕಂಪ್ಯೂಟರ್ ಅಷ್ಟು ನಿಧಾನವಾಗುತ್ತದೆ.

ತೋಟದಲ್ಲೊಂದು ಲೆಕ್ಕ

ಸಾಮಾನ್ಯ ವೆಬ್‌ಕ್ಯಾಮ್ ಒಂದಿದೆ ಎಂದುಕೊಳ್ಳಿ. ಅದರ ನೋಟದ ಅಗಲ 60 ಡಿಗ್ರಿ. ಅದನ್ನು 15 ಮೀಟರ್ ದೂರದ ತೆಂಗಿನ ಮರದ ತಲೆಗೆ ಗುರಿಯಿಟ್ಟರೆ ಸುಮಾರು 17 ಮೀಟರ್ ಅಗಲದ ಜಾಗ ಚಿತ್ರದೊಳಗೆ ಬರುತ್ತದೆ. 640 ಪಿಕ್ಸೆಲ್‌ಗೆ ಕುಗ್ಗಿಸಿದಾಗ, ಮಟ್ಟೆಸಹಿತ 20 ಸೆಂಟಿಮೀಟರ್ ಇರುವ ಕಾಯಿಯ ಮೇಲೆ ಬೀಳುವುದು ಅಂದಾಜು 7 ಪಿಕ್ಸೆಲ್. ಅದು ಹಸಿರು ಗರಿಗಳ ನಡುವಿನ ಹಸಿರು ಚುಕ್ಕೆ. ಗೊನೆಯಲ್ಲಿ ಒಂದಕ್ಕೊಂದು ಅಂಟಿಕೊಂಡ ಕಾಯಿಗಳನ್ನು ಎಣಿಸುವುದು ಇಷ್ಟರಲ್ಲಿ ಆಗದು. ಎಐ ಸಂಶೋಧಕರು ಹೋಲಿಕೆಗೆ ಬಳಸುವ ‘ಕೊಕೊ’ ಎಂಬ ಚಿತ್ರಸಂಗ್ರಹದಲ್ಲಿ 32×32 ಪಿಕ್ಸೆಲ್‌ಗಿಂತ ಕಿರಿದಾದುದನ್ನೆಲ್ಲ ‘ಸಣ್ಣ ವಸ್ತು’ ಎಂದೇ ಲೆಕ್ಕ ಹಾಕುತ್ತಾರೆ. ಮಾದರಿಗಳು ಹೆಚ್ಚು ಎಡವುವುದು ಇಂಥ ಸಣ್ಣ ವಸ್ತುಗಳಲ್ಲೇ.

‘ಇಡೀ ತೋಟ ಕಾಣುತ್ತೆ’ ಎಂದು 120 ಡಿಗ್ರಿ ಅಗಲದ ಲೆನ್ಸ್ ತಂದರೆ ಇನ್ನೂ ಕಷ್ಟ. ಅದೇ 15 ಮೀಟರ್ ದೂರದಲ್ಲಿ 50 ಮೀಟರ್‌ಗೂ ಹೆಚ್ಚು ಅಗಲದ ಜಾಗ ಚಿತ್ರದಲ್ಲಿ ಬರುತ್ತದೆ. ಒಂದು ಕಾಯಿಗೆ ಸಿಗುವುದು ಎರಡೋ ಮೂರೋ ಪಿಕ್ಸೆಲ್.

ಈಗ ಅದೇ 60 ಡಿಗ್ರಿ ವೆಬ್‌ಕ್ಯಾಮನ್ನು ಕೊಬ್ಬರಿ ವಿಂಗಡಿಸುವ ಮೇಜಿನ ಮೇಲೆ ಒಂದು ಮೀಟರ್ ಎತ್ತರದಲ್ಲಿ ಕಟ್ಟಿ. ಚಿತ್ರದ ಅಗಲ ಸುಮಾರು 1.15 ಮೀಟರ್. 8 ಸೆಂಟಿಮೀಟರ್‌ನ ಉಂಡೆ ಕೊಬ್ಬರಿಗೆ 640ರ ಚಿತ್ರದಲ್ಲೇ 40ಕ್ಕೂ ಹೆಚ್ಚು ಪಿಕ್ಸೆಲ್ ಸಿಗುತ್ತವೆ. ಎಣಿಕೆಗೆ, ಗಾತ್ರ ನೋಡಿ ಬೇರ್ಪಡಿಸುವುದಕ್ಕೆ ಇಷ್ಟು ಸಾಕು. ಮರದಡಿ ಸೋತ ಅದೇ ಕ್ಯಾಮೆರಾ ಮೇಜಿನ ಮೇಲೆ ಗೆಲ್ಲುತ್ತದೆ. ಬದಲಾದದ್ದು ದೂರ ಮಾತ್ರ.

ಹಾಗಾದರೆ ಡಬ್ಬದ ಮೇಲೆ ಬರೆದ ‘48 ಎಂಪಿ’?

ಇದರಲ್ಲಿ ಎರಡು ಬಗೆ. ಮೊಬೈಲ್‌ಗಳಲ್ಲಿ ಬರುವ ಸೆನ್ಸರ್‌ಗಳಲ್ಲಿ ನಿಜಕ್ಕೂ ಅಷ್ಟು ಪಿಕ್ಸೆಲ್ ಇರುತ್ತವೆ. ಉದಾಹರಣೆಗೆ ಸೋನಿ 2018ರಲ್ಲಿ ಪ್ರಕಟಿಸಿದ ಐಎಂಎಕ್ಸ್586 ಸೆನ್ಸರ್ 48 ಮೆಗಾಪಿಕ್ಸೆಲ್‌ನದು. ಆದರೆ ಕಡಿಮೆ ಬೆಳಕಿನಲ್ಲಿ ಅದು ಅಕ್ಕಪಕ್ಕದ ನಾಲ್ಕು ಪಿಕ್ಸೆಲ್‌ಗಳನ್ನು ಒಂದಾಗಿಸಿ 12 ಮೆಗಾಪಿಕ್ಸೆಲ್ ಚಿತ್ರ ಕೊಡುತ್ತದೆ. ಇದರಲ್ಲಿ ಮೋಸವಿಲ್ಲ, ಅದರ ವಿನ್ಯಾಸವೇ ಹಾಗೆ. ಇನ್ನೊಂದು ಬಗೆಯಲ್ಲಿ, ಕೆಲವು ತೀರಾ ಅಗ್ಗದ ಕ್ಯಾಮೆರಾಗಳು ಸಣ್ಣ ಚಿತ್ರವನ್ನು ಸಾಫ್ಟ್‌ವೇರ್‌ನಿಂದ ಹಿಗ್ಗಿಸಿ ದೊಡ್ಡ ಸಂಖ್ಯೆ ತೋರಿಸುತ್ತವೆ. ಹಿಟ್ಟಿಗೆ ನೀರು ಸುರಿದರೆ ದೋಸೆ ತೆಳುವಾಗುತ್ತದೆಯೇ ಹೊರತು ಹಿಟ್ಟು ಹೆಚ್ಚುವುದಿಲ್ಲ. ‘ಸೆನ್ಸರ್ ಯಾವುದು?’ ಎಂದು ಕೇಳಿ. ಹೆಸರು ಹೇಳದ ಕ್ಯಾಮೆರಾದ ಸಂಖ್ಯೆಯನ್ನು ನಂಬಬೇಡಿ.

ಸಂಖ್ಯೆಗಿಂತ ಮೊದಲು ನೋಡಬೇಕಾದ ಮೂರು ಸಂಗತಿ

ಫೋಕಸ್: ಅಗ್ಗದ ವೆಬ್‌ಕ್ಯಾಮ್‌ಗಳಲ್ಲಿ ಫೋಕಸ್ ಒಂದೇ ದೂರಕ್ಕೆ ಕೂತಿರುತ್ತದೆ. ಗರಿಯ ಮೇಲಿನ ಬಿಳಿ ನೊಣ ನೋಡಲು ಹತ್ತಿರ ಹಿಡಿದರೆ ಚಿತ್ರ ಮಸುಕಾಗುತ್ತದೆ. ಕೈಯಲ್ಲಿ ತಿರುಗಿಸಿ ಫೋಕಸ್ ಹೊಂದಿಸಬಹುದಾದ ಲೆನ್ಸ್ ಒಳ್ಳೆಯದು.

ಬೆಳಕು: ರಾತ್ರಿ ನೋಡುವ ಕ್ಯಾಮೆರಾಗಳು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಳಸುತ್ತವೆ. ಆಗ ಚಿತ್ರ ಕಪ್ಪು-ಬಿಳುಪು. ಹಗಲಿನ ಬಣ್ಣದ ಫೋಟೊಗಳನ್ನು ತೋರಿಸಿ ಕಲಿಸಿದ ಮಾದರಿ ರಾತ್ರಿ ತಡಬಡಾಯಿಸುತ್ತದೆ. ಹಳದಿ ಗರಿ, ಹಸಿರು ಗರಿ ಎರಡೂ ಬೂದು ಬಣ್ಣವಾಗಿ ಕಾಣುತ್ತವೆ. ಒಳಾಂಗಣದ ಕೆಲಸವಾದರೆ, ಕ್ಯಾಮೆರಾಗೆ ಹೆಚ್ಚು ಹಣ ಹಾಕುವ ಬದಲು ಮೇಜಿನ ಮೇಲೆ ಒಂದು ಒಳ್ಳೆಯ ಎಲ್‌ಇಡಿ ಟ್ಯೂಬ್ ಹಾಕಿಸಿ. ಬಹಳಷ್ಟು ತೊಂದರೆ ಅಲ್ಲೇ ಮುಗಿಯುತ್ತದೆ.

ಚಲನೆ: ಕಾಯಿ ಉರುಳುತ್ತಿದ್ದರೆ, ಗರಿ ಗಾಳಿಗೆ ಓಲಾಡುತ್ತಿದ್ದರೆ ಚಿತ್ರ ಕಲಸಿದಂತಾಗುತ್ತದೆ. ಬೆಳಕು ಹೆಚ್ಚಿದಷ್ಟೂ ಇದು ಕಡಿಮೆ.

ಯಾವ ಕೆಲಸಕ್ಕೆ ಯಾವುದು?

- ಮನೆಯಲ್ಲಿ ಬಿದ್ದಿರುವ ಹಳೆಯ ಮೊಬೈಲ್: ಕಲಿಯುವವರಿಗೆ ಮೊದಲ ಆಯ್ಕೆ. ಒಳ್ಳೆಯ ಲೆನ್ಸ್, ಆಟೊಫೋಕಸ್, ಬ್ಯಾಟರಿ, ವೈಫೈ ಎಲ್ಲ ಅದರಲ್ಲೇ ಇದೆ. ಆ್ಯಪ್ ಹಾಕಿ ಅದನ್ನೇ ವೆಬ್‌ಕ್ಯಾಮ್ ಮಾಡಬಹುದು. ಖರ್ಚು ಸೊನ್ನೆ. ಬಿಸಿಲಿಗೆ ಮಾತ್ರ ಇಡಬೇಡಿ, ಬ್ಯಾಟರಿ ಕಾಯುತ್ತದೆ.
- ಯುಎಸ್‌ಬಿ ವೆಬ್‌ಕ್ಯಾಮ್: ಲ್ಯಾಪ್‌ಟಾಪ್‌ಗೆ ಚುಚ್ಚಿದರೆ ಸಾಕು. ಮೇಜಿನ ಮೇಲಿನ ವಿಂಗಡಣೆಗೆ ಹೇಳಿ ಮಾಡಿಸಿದ್ದು.
- ಇಎಸ್‌ಪಿ32-ಕ್ಯಾಮ್: ನೂರರ ಲೆಕ್ಕದ ಬೆಲೆಗೆ ಸಿಗುವ ಪುಟ್ಟ ಬೋರ್ಡ್. ಹೆಚ್ಚಿನವುಗಳ ಜತೆ ಬರುವುದು 2 ಮೆಗಾಪಿಕ್ಸೆಲ್‌ನ ಓವಿ2640 ಸೆನ್ಸರ್. ವೈಫೈ ಇದೆ, ಮೆಮೊರಿ ಕಾರ್ಡ್ ಹಾಕುವ ಜಾಗವೂ ಇದೆ. ಆಗಾಗ ಒಂದೊಂದು ಫೋಟೊ ತೆಗೆದು ಕಳಿಸಲು ಚೆನ್ನ. ದೊಡ್ಡ ಎಐ ಮಾದರಿ ಅದರೊಳಗೆ ಓಡುವುದಿಲ್ಲ. ವಿದ್ಯುತ್ ಪೂರೈಕೆ ಸ್ಥಿರವಾಗಿಲ್ಲದಿದ್ದರೆ ಪದೇ ಪದೇ ರೀಸ್ಟಾರ್ಟ್ ಆಗುತ್ತದೆ.
- ರಾಸ್ಪ್‌ಬೆರಿ ಪೈ ಕ್ಯಾಮೆರಾ: 2023ರಲ್ಲಿ ಬಂದ ಮಾಡ್ಯೂಲ್ 3ರಲ್ಲಿ 12 ಮೆಗಾಪಿಕ್ಸೆಲ್ ಜತೆ ಆಟೊಫೋಕಸ್ ಇದೆ. ಅದೇ ವರ್ಷ ಬಂದ ಗ್ಲೋಬಲ್ ಶಟರ್ ಕ್ಯಾಮೆರಾದಲ್ಲಿ ಇರುವುದು 1.6 ಮೆಗಾಪಿಕ್ಸೆಲ್ ಮಾತ್ರ. ಆದರೂ ವೇಗವಾಗಿ ಚಲಿಸುವ ವಸ್ತುವಿಗೆ ಅದೇ ಮೇಲು, ಏಕೆಂದರೆ ಇಡೀ ಚಿತ್ರವನ್ನು ಒಂದೇ ಕ್ಷಣದಲ್ಲಿ ಹಿಡಿಯುತ್ತದೆ. ಕ್ಯಾಮೆರಾದ ಜತೆ ಪೈ ಕಂಪ್ಯೂಟರಿನ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಿರಿ.
- ಸಿಸಿಟಿವಿ ಐಪಿ ಕ್ಯಾಮೆರಾ: ಮಳೆ, ಧೂಳು ತಡೆಯುವಂಥದ್ದು ಬೇಕಾದರೆ ಇದು. ಕೊಳ್ಳುವ ಮುನ್ನ ‘ಆರ್‌ಟಿಎಸ್‌ಪಿ’ ಸೌಲಭ್ಯ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಕಂಪನಿಯ ಆ್ಯಪ್‌ನಲ್ಲಿ ಮಾತ್ರ ತೆರೆಯುವ ಕ್ಯಾಮೆರಾದ ವಿಡಿಯೊವನ್ನು ನಿಮ್ಮ ಪ್ರೋಗ್ರಾಂಗೆ ತರುವುದು ಕಷ್ಟ. ಜತೆಗೆ ಬಂದ ಪಾಸ್‌ವರ್ಡ್ ಬದಲಿಸಿ. ಪಕ್ಕದ ಮನೆಯವರ ಅಂಗಳಕ್ಕೆ ಮುಖ ಮಾಡಿ ಕಟ್ಟಬೇಡಿ.

ಯಾವ ಕ್ಯಾಮೆರಾಗೂ ಆಗದ ಕೆಲಸ

‘ಕೆಂಪು ಮೂತಿ ಹುಳುವನ್ನು ಕ್ಯಾಮೆರಾ ಮೊದಲೇ ಹಿಡಿಯುತ್ತದೆ’ ಎಂಬ ಮಾತನ್ನು ನಂಬಿ ದುಡ್ಡು ಸುರಿಯಬೇಡಿ. ಅದರ ಮರಿಹುಳು ಮರದೊಳಗೇ ಕೊರೆದು ತಿನ್ನುತ್ತದೆ. ಸುಳಿ ಬಾಡಿದ್ದು ಕಣ್ಣಿಗೆ ಕಾಣುವ ಹೊತ್ತಿಗೆ ಹಾನಿ ಬಹಳ ಮುಂದುವರಿದಿರುತ್ತದೆ. ಸಾಮಾನ್ಯ ಕ್ಯಾಮೆರಾ ನೋಡುವುದು ಹೊರಮೈಯನ್ನು ಮಾತ್ರ. ಕಾಂಡದ ತೂತು, ಅಲ್ಲಿಂದ ಒಸರುವ ಕಂದು ರಸ, ಹೊರಬಿದ್ದ ನಾರಿನ ಚೂರು ಇವನ್ನು ಮರದ ಹತ್ತಿರ ಹೋಗಿ ನೋಡುವುದೇ ದಾರಿ. ಅನುಮಾನ ಬಂದರೆ ತಿಪಟೂರು ಬಳಿಯ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದವರನ್ನು ಅಥವಾ ನಿಮ್ಮ ತಾಲ್ಲೂಕಿನ ತೋಟಗಾರಿಕೆ ಇಲಾಖೆಯವರನ್ನು ಕೇಳಿ.

ಕಪ್ಪು ತಲೆ ಹುಳು ಬಿದ್ದು ಒಣಗಿದ ಗರಿ, ರೈನೋಸರಸ್ ದುಂಬಿ ಕತ್ತರಿಸಿದಂತೆ ತಿಂದ ಗರಿ ಹೊರಗೇ ಕಾಣುವಂಥವು. ಹತ್ತಿರದ ಫೋಟೊಗಳಿಂದ ಇವನ್ನು ಗುರುತಿಸಲು ಎಐಗೆ ಕಲಿಸಬಹುದು.

ಕೊಳ್ಳುವ ಮುನ್ನ ಹತ್ತು ನಿಮಿಷದ ಪರೀಕ್ಷೆ

1. ಕ್ಯಾಮೆರಾ ಎಲ್ಲಿ ಕಟ್ಟಬೇಕೆಂದಿದ್ದೀರೋ ಅಲ್ಲೇ ನಿಂತು, ಅದು ಕೆಲಸ ಮಾಡಬೇಕಾದ ಹೊತ್ತಿನಲ್ಲೇ ಮೊಬೈಲ್‌ನಿಂದ ಜೂಮ್ ಮಾಡದೆ ಫೋಟೊ ತೆಗೆಯಿರಿ.
2. ಫೋಟೊ ಎಡಿಟ್ ಮಾಡುವ ಆ್ಯಪ್‌ನಲ್ಲಿ ಅದರ ಅಗಲವನ್ನು 640 ಪಿಕ್ಸೆಲ್‌ಗೆ ಇಳಿಸಿ.
3. ಆ ಚಿತ್ರದಲ್ಲಿ ಕಾಯಿ, ಕೊಬ್ಬರಿ ಅಥವಾ ಒಣಗಿದ ಗರಿ ನಿಮ್ಮ ಕಣ್ಣಿಗೆ ಸ್ಪಷ್ಟವಾಗಿ ಬೇರೆಯಾಗಿ ಕಾಣುತ್ತದೆಯೇ ನೋಡಿ.

ಕಂಡರೆ ಅಗ್ಗದ ಕ್ಯಾಮೆರಾ ಸಾಕು. ಕಾಣದಿದ್ದರೆ ಹತ್ತಿರ ಹೋಗಬೇಕು, ಇಲ್ಲವೇ ನೋಟ ಕಿರಿದಾಗಿಸುವ ಲೆನ್ಸ್ ಬೇಕು. ನಿಮ್ಮ ಕಣ್ಣಿಗೇ ಗೊತ್ತಾಗದ್ದನ್ನು ಎಐಗೆ ಕಲಿಸುವುದು ಕಷ್ಟ.

ಇನ್ನೊಂದು ಮಾತು: ಎಐಗೆ ಕಲಿಸಲು ತೆಗೆದ ಫೋಟೊಗಳನ್ನು ಗೆಳೆಯರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದಾದರೆ ‘ಡಾಕ್ಯುಮೆಂಟ್’ ಆಗಿ ಕಳಿಸಿ. ಫೋಟೊ ಆಗಿಯೇ ಕಳಿಸಿದರೆ ವಾಟ್ಸ್‌ಆ್ಯಪ್ ಅದನ್ನು ಕುಗ್ಗಿಸುತ್ತದೆ.

ನಮ್ಮ ತೀರ್ಮಾನ: ‘ಮೆಗಾಪಿಕ್ಸೆಲ್ ಜಾಸ್ತಿ ಇದ್ದಷ್ಟೂ ಎಐ ಚುರುಕು’ ಎಂಬುದು ದಾರಿ ತಪ್ಪಿಸುವ ಮಾತು. ದೂರ, ಲೆನ್ಸ್, ಬೆಳಕು, ಫೋಕಸ್ ಸರಿಯಿದ್ದರೆ 2 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲೂ ಕೆಲಸ ಆಗುತ್ತದೆ. ಪ್ರಾಜೆಕ್ಟ್‌ಗೆಂದು ಮಕ್ಕಳು ದುಬಾರಿ ಕ್ಯಾಮೆರಾ ಕೇಳುತ್ತಿದ್ದರೆ, ಮೊದಲು ಈ ಪರೀಕ್ಷೆ ಮಾಡಿ ತೋರಿಸಲು ಹೇಳಿ.