ಸೀಮೆಯಿಂದ ದೇಶಕ್ಕೆ ಬೆಳೆದ ಕುಸ್ತಿ ಪಟ್ಟ

ಟಿ.ವಿ.ಯಲ್ಲಿ ಅಮೆರಿಕದ ಕುಸ್ತಿ ನೋಡುವವರಿಗೆ ‘ಯುನೈಟೆಡ್ ಸ್ಟೇಟ್ಸ್ ಚಾಂಪಿಯನ್’ ಎಂಬ ಪಟ್ಟ ಪರಿಚಿತ. ದೇಶದ ಹೆಸರು ಹೊತ್ತ ಈ ಪಟ್ಟ ಹುಟ್ಟಿದ್ದು ಮಾತ್ರ ಉತ್ತರ, ದಕ್ಷಿಣ ಕ್ಯಾರೊಲಿನಾ ಹಾಗೂ ವರ್ಜೀನಿಯಾಗಳ ಒಂದು ಸೀಮೆಗಾಗಿ ಎಂಬುದು ಸ್ವಾರಸ್ಯದ ಸಂಗತಿ.

ವೃತ್ತಿಪರ ಕುಸ್ತಿಯಲ್ಲಿ ಗೆಲ್ಲುವವರು ಯಾರೆಂಬುದು ಮೊದಲೇ ನಿಶ್ಚಯವಾಗಿರುತ್ತದೆ. ಹಾಗಿದ್ದರೆ ಪಟ್ಟಕ್ಕೇನು ಬೆಲೆ? ಉತ್ತರ ವ್ಯಾಪಾರದಲ್ಲಿದೆ. 1948ರಲ್ಲಿ ಹುಟ್ಟಿದ ನ್ಯಾಷನಲ್ ರೆಸ್ಲಿಂಗ್ ಅಲಯನ್ಸ್ ಒಕ್ಕೂಟದ ಸಂಘಟಕರು ದೇಶವನ್ನು ಸೀಮೆಗಳಾಗಿ ಹಂಚಿಕೊಂಡಿದ್ದರು. ಒಬ್ಬರ ಸೀಮೆಗೆ ಇನ್ನೊಬ್ಬರು ಕೈಹಾಕುವಂತಿರಲಿಲ್ಲ. ವಿಶ್ವ ಚಾಂಪಿಯನ್ ಎಲ್ಲ ಸೀಮೆಗಳನ್ನೂ ಸುತ್ತಬೇಕಿದ್ದುದರಿಂದ ಯಾವ ಊರಿಗೂ ಅಪರೂಪದ ಅತಿಥಿ. ಉಳಿದ ದಿನಗಳಲ್ಲಿ ಟಿಕೆಟ್ ಮಾರಾಟವಾಗಲು ಸ್ಥಳೀಯ ಪಟ್ಟವೊಂದು ಬೇಕಿತ್ತು.

ಷಾರ್ಲಟ್ ನಗರದ ಜಿಮ್ ಕ್ರಾಕೆಟ್ ಕಂಪೆನಿ 1975ರ ಜನವರಿಯಲ್ಲಿ ಈ ಪಟ್ಟವನ್ನು ಆರಂಭಿಸಿತು. ಹಾರ್ಲೆ ರೇಸ್ ಮೊದಲ ಚಾಂಪಿಯನ್. ಜುಲೈನಲ್ಲಿ ಅದು ಜಾನಿ ವ್ಯಾಲಂಟೈನ್ ಪಾಲಾಯಿತು.

ಅದೇ ವರ್ಷ ಅಕ್ಟೋಬರ್ 4ರಂದು ಕುಸ್ತಿಪಟುಗಳಿದ್ದ ಪುಟ್ಟ ವಿಮಾನ ವಿಲ್ಮಿಂಗ್ಟನ್ ಬಳಿ ಇಂಧನ ಮುಗಿದು ನೆಲಕ್ಕಪ್ಪಳಿಸಿತು. ಪೈಲಟ್ ಮುಂದೆ ಅಸುನೀಗಿದ. ವ್ಯಾಲಂಟೈನ್ ಮತ್ತೆಂದೂ ಕಣಕ್ಕಿಳಿಯಲಿಲ್ಲ. ತರುಣ ರಿಕ್ ಫ್ಲೇರ್ ಬೆನ್ನುಮೂಳೆ ಮೂರು ಕಡೆ ಮುರಿಯಿತು. ಕಣದಲ್ಲಿ ಖಳನಾಗಿದ್ದ ವ್ಯಾಲಂಟೈನ್ ಜೊತೆ ಜನರ ಮೆಚ್ಚಿನ ಟಿಮ್ ವುಡ್ಸ್ ಕೂಡ ಅದೇ ವಿಮಾನದಲ್ಲಿದ್ದರು! ವೈರಿಗಳು ಒಟ್ಟಿಗೆ ಪ್ರಯಾಣಿಸುತ್ತಾರೆಂದು ತಿಳಿದರೆ ಜನರ ನಂಬಿಕೆಯೂ ಅದರೊಡನೆ ಗಳಿಕೆಯೂ ಹೋದಂತೆಯೇ. ಹೀಗಾಗಿ ವುಡ್ಸ್ ಆಸ್ಪತ್ರೆಯಲ್ಲಿ ಕುಸ್ತಿಯ ಹೆಸರು ಮರೆಮಾಚಿ, ತಾವು ಸಂಘಟಕರೆಂದು ಹೇಳಿಕೊಂಡರು. ಕೆಲವೇ ವಾರಗಳಲ್ಲಿ ನೋವಿನಲ್ಲೇ ಕಣಕ್ಕಿಳಿದು ಸಂಶಯ ಅಳಿಸಿದರು.

ತೆರವಾದ ಪಟ್ಟಕ್ಕೆ ನವೆಂಬರ್‌ನಲ್ಲಿ ಪಂದ್ಯಾವಳಿ ನಡೆದು ಟೆರ್ರಿ ಫಂಕ್ ಗೆದ್ದರು. ಇನ್ನು ಕುಸ್ತಿ ಬೇಡವೆಂದು ವೈದ್ಯರಿಂದ ಹೇಳಿಸಿಕೊಂಡಿದ್ದ ಫ್ಲೇರ್ 1976ರಲ್ಲೇ ಮರಳಿದರು. 1977ರಲ್ಲಿ ಬೊಬೊ ಬ್ರೆಜಿಲ್‌ರನ್ನು ಸೋಲಿಸಿ ಅದೇ ಪಟ್ಟ ಧರಿಸಿದರು. 1981ರಲ್ಲಿ ವಿಶ್ವ ಚಾಂಪಿಯನ್ ಆದರು.

ಕೇಬಲ್ ಟಿ.ವಿ. ಬಂದ ಮೇಲೆ ಸೀಮೆಗಳ ಗಡಿ ಅಳಿಸಿಹೋಯಿತು. ಕ್ರಾಕೆಟ್ ಕಂಪೆನಿ 1988ರಲ್ಲಿ ಟೆಡ್ ಟರ್ನರ್ ಕೈಸೇರಿತು. ಪ್ರತಿಸ್ಪರ್ಧಿ ವಿನ್ಸ್ ಮೆಕ್‌ಮಹನ್ 2001ರ ಮಾರ್ಚ್‌ನಲ್ಲಿ ಅದನ್ನೂ ಕೊಂಡರು. ಮರುತಿಂಗಳೇ ವ್ಯಾಲಂಟೈನ್ ತೀರಿಕೊಂಡರು. ಕೆಲಕಾಲ ನಿಂತಿದ್ದ ಪಟ್ಟಕ್ಕೆ 2003ರಲ್ಲಿ ಮರುಜೀವ ಬಂತು. ಡಬ್ಲ್ಯು.ಡಬ್ಲ್ಯು.ಇ. ಅದನ್ನು ಇಂದಿಗೂ 1975ರ ಪಟ್ಟದ ಮುಂದುವರಿಕೆಯಾಗಿಯೇ ಎಣಿಸುತ್ತದೆ. ಆ ಪಟ್ಟಿಯಲ್ಲಿ ಎರಡನೆಯ ಹೆಸರು ವ್ಯಾಲಂಟೈನ್ ಅವರದು.