ಟೈರಿನ ಗಾಳಿಯೊತ್ತಡ ಮತ್ತು ಹವೆ

ಕಾರಿನ ತೂಕವನ್ನು ಬಹುಪಾಲು ಹೊರುವುದು ಟೈರಿನೊಳಗೆ ಒತ್ತಿ ತುಂಬಿದ ಗಾಳಿ. ಅದರ ಒತ್ತಡವನ್ನು ಪಿಎಸ್‌ಐ, ಅಂದರೆ ಚದರ ಅಂಗುಲಕ್ಕೆ ಪೌಂಡ್, ಲೆಕ್ಕದಲ್ಲಿ ಅಳೆಯುತ್ತಾರೆ. ಹವೆ ತಣ್ಣಗಾದರೆ ಒತ್ತಡ ಇಳಿಯುತ್ತದೆ, ಬಿಸಿಯಾದರೆ ಏರುತ್ತದೆ. 33 ಪಿಎಸ್‌ಐ ಇರುವ ಟೈರಿನಲ್ಲಿ ಪ್ರತಿ 10 ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಒಂದೂವರೆ ಪಿಎಸ್‌ಐ ವ್ಯತ್ಯಾಸವಾಗುತ್ತದೆ. ಕಲಬುರಗಿಯ 40 ಡಿಗ್ರಿ ಬಿಸಿಲಿನಲ್ಲಿ ಗಾಳಿ ಹಾಕಿಸಿದ ಟೈರು, ಚಳಿಗಾಲದ 15 ಡಿಗ್ರಿಯ ಮುಂಜಾವಿಗೆ ಹತ್ತಿರ ಹತ್ತಿರ 4 ಪಿಎಸ್‌ಐ ಕಳೆದುಕೊಂಡಿರುತ್ತದೆ. ಸಹಜ ಸೋರಿಕೆ ಇದರ ಮೇಲೆ.

ಬೇಸಿಗೆಯಲ್ಲಿ ಟೈರು ಸಿಡಿಯುತ್ತದೆಂದು ಹೆದರಿ ಗಾಳಿ ಕಡಿಮೆ ಹಾಕಿಸುವ ರೂಢಿ ನಮ್ಮಲ್ಲಿ ವ್ಯಾಪಕವಾಗಿದೆ. ಇದು ಅಪಾಯಕಾರಿ ತಪ್ಪು. ಗಾಳಿ ಕಡಿಮೆಯಿದ್ದಾಗ ಟೈರಿನ ಪಕ್ಕೆ ಪ್ರತಿ ಸುತ್ತಿನಲ್ಲೂ ಹೆಚ್ಚು ಬಾಗಿ, ಆ ಬಾಗುವಿಕೆಯಿಂದಲೇ ಕಾವೇರುತ್ತದೆ. ಹೆದ್ದಾರಿಯ ವೇಗದಲ್ಲಿ ಒಳಪದರಗಳು ಬಿಟ್ಟುಕೊಂಡು ಟೈರು ಸಿಡಿಯಬಹುದು. ಅಂಚುಗಳು ಬೇಗ ಸವೆಯುತ್ತವೆ, ಇಂಧನವೂ ಹೆಚ್ಚು ಉರಿಯುತ್ತದೆ. ಗಾಳಿ ಮಿತಿಮೀರಿದರೆ ನಡುಭಾಗ ಸವೆದು, ರಸ್ತೆಯ ಹಿಡಿತ ಕುಗ್ಗುತ್ತದೆ. ಮಳೆಗಾಲದಲ್ಲಿ ಇದು ಚಿಕ್ಕ ವಿಷಯವಲ್ಲ.

ಸರಿಯಾದ ಅಂಕಿ ಸಾಮಾನ್ಯವಾಗಿ ಚಾಲಕನ ಬಾಗಿಲಿನ ಚೌಕಟ್ಟಿನ ಚೀಟಿಯಲ್ಲಿರುತ್ತದೆ. ಟೈರಿನ ಮೇಲೆಯೇ ಅಚ್ಚೊತ್ತಿದ ಅಂಕಿ ಗರಿಷ್ಠ ಮಿತಿ ಮಾತ್ರ. ಕಾರು ಮೂರು ಗಂಟೆಯಾದರೂ ನಿಂತು ಟೈರು ತಣಿದಿರುವಾಗ ಅಳೆಯಬೇಕು. ಓಡಿ ಬಿಸಿಯಾದ ಟೈರಿನ ಒತ್ತಡ ಹಲವು ಪಿಎಸ್‌ಐ ಹೆಚ್ಚು ತೋರುವುದು ಸಹಜ, ಆಗ ಗಾಳಿ ಬಿಡಬಾರದು. ತಿಂಗಳಿಗೊಮ್ಮೆ, ದೂರದ ಪ್ರಯಾಣಕ್ಕೆ ಮುನ್ನ, ಸ್ಟೆಪ್ನಿಯನ್ನೂ ಸೇರಿಸಿ ನೋಡುವುದು ಒಳ್ಳೆಯದು. ನೈಟ್ರೋಜನ್ ತುಂಬಿಸಿದರೂ ತಪಾಸಣೆ ತಪ್ಪದು: ಗಾಳಿಯಲ್ಲಿ ನೂರಕ್ಕೆ 78 ಪಾಲು ನೈಟ್ರೋಜನ್ನೇ, ಅದರ ಒತ್ತಡವೂ ಹವೆಗೆ ತಕ್ಕಂತೆ ಏರಿಳಿಯುತ್ತದೆ.